ಪರದೇಶಿ ಅನ್ನೋ ಮಾತು

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ನಿವೃತ್ತ ಶಿಕ್ಷಕರೊಬ್ಬರು ಮಾಡಿದ ಭಾಷಣ)



ಇಪ್ಪತ್ತೈದು ವರ್ಷ ಒಂದು ಸಂಘ ನಡೆಸೋದು ಸಣ್ಣ ಮಾತಲ್ಲ. ಗದಗ ಸೀಮೆಯ ಕಣಗಿನಹಾಳದಾಗ 1905ರಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದನ್ನು ನನಗಿಂತ ಮೊದಲು ಮಾತಾಡಿದವರು ವಿವರವಾಗಿ ಹೇಳಿದ್ದಾರೆ. ಬೀಜ, ಗೊಬ್ಬರ, ಸಾಲ, ವಸೂಲಿ ಇವು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆದ್ದರಿಂದ ನಾನು ಬೇರೆ ವಿಷಯ ಎತ್ತಿಕೊಂಡೀನಿ. ಇಲ್ಲಿ ಕುಂತವರಲ್ಲಿ ಬಹಳ ಮಂದಿಯ ಮನಿಯಿಂದ ಯಾರಾದರೊಬ್ಬರು ಹೊರಗ ದುಡಿಯಾಕ ಹೋಗ್ಯಾರ. ಕೆಲವರು ಬೆಂಗಳೂರು, ಪುಣೆ, ಗೋವಾ. ಕೆಲವರು ಸಮುದ್ರ ದಾಟಿ ಗಲ್ಫ್ ದೇಶಗಳಿಗೆ. ಅವರ ಬಗ್ಗೆ ನಾಲ್ಕು ಮಾತು ಹೇಳಬೇಕಂತ ಬಂದೀನಿ.

ನಮ್ಮ ಕಡೆ 'ಪರದೇಶಿ' ಅನ್ನೋ ಮಾತಿಗೆ ಎರಡು ಅರ್ಥ ಅದಾವ. ಒಂದು, ಬೇರೆ ದೇಶದವ. ಇನ್ನೊಂದು, ತಾಯಿ-ತಂದಿ ಇಲ್ಲದವ, ದಿಕ್ಕಿಲ್ಲದವ. 'ಆ ಕೂಸು ಪರದೇಶಿ ಆತು ನೋಡ್ರಿ' ಅಂತ ನಮ್ಮ ಅವ್ವಂದಿರು ಅಂತಾರ. ಎರಡಕ್ಕೂ ಒಂದೇ ಮಾತು ಯಾಕ ಬಂತು? ಊರು ಬಿಟ್ಟವನಿಗೆ ದಿಕ್ಕಿರೋದಿಲ್ಲ ಅಂತ ಹಿರಿಯರು ಕಂಡಿದ್ದರು. ಪರದೇಶದಾಗ ಇದ್ದೂ ದಿಕ್ಕಿಲ್ಲದವನಾಗದಂಗ ಬದುಕೋದು ಹ್ಯಾಂಗ ಅನ್ನೋದೇ ಇವತ್ತಿನ ನನ್ನ ಪ್ರಶ್ನೆ.

ಇದಕ್ಕೆ ಉದಾಹರಣೆ ಹುಡುಕಿಕೊಂಡು ದೂರ ಹೋಗೋದು ಬ್ಯಾಡ. ನಮ್ಮ ಕೆರೆ ಏರಿ ಮೇಲೆ ನಿಂತರೆ ಸಾಕು. ಈ ಕೆರೆಯನ್ನು ಹದಿನೇಳನೇ ಶತಮಾನದಲ್ಲಿ ಕಟ್ಟಿಸಿದವರು ಸುರಪುರದ ಅರಸರಾದ ಪಾಮನಾಯಕರು. ಹತ್ತೊಂಬತ್ತನೇ ಶತಮಾನದಲ್ಲಿ ಇದನ್ನು ದುರಸ್ತಿ ಮಾಡಿಸಿ ಬಲಪಡಿಸಿದವರು ಫಿಲಿಪ್ ಮೆಡೋಸ್ ಟೇಲರ್ ಎಂಬ ಇಂಗ್ಲಿಷ್ ಅಧಿಕಾರಿ. ಚಳಿಗಾಲಕ್ಕ ಹಿಮಾಲಯದ ಆಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಇದೇ ನೀರಿಗೆ ಬಂದು ಇಳಿತಾವ, ಬ್ಯಾಸಿಗಿಗೆ ಮುಂಚೆ ಹೋಗ್ತಾವ. ಇವತ್ತು ನಮ್ಮ ಊರಿನ ಹೆಸರು ಹೊರಗಿನವರಿಗೆ ಗೊತ್ತಿದ್ದರೆ ಅದು ಈ ಪಕ್ಷಿಧಾಮದಿಂದ. ಅಂದರೆ ನಮ್ಮ ಊರಿಗೆ ಹೆಸರು ತಂದದ್ದರಾಗ ಪರದೇಶಿ ಹಕ್ಕಿಗಳ ಪಾಲೂ ಅದ, ಪರದೇಶಿ ಸಾಹೇಬನ ಪಾಲೂ ಅದ.

ಈ ಟೇಲರ್ ಸಾಹೇಬ ಯಾರು? ಇಂಗ್ಲೆಂಡಿನ ಲಿವರ್‌ಪೂಲ್ ಪಟ್ಟಣದಲ್ಲಿ 1808ರಲ್ಲಿ ಹುಟ್ಟಿದವರು. 1824ರಲ್ಲಿ, ಇನ್ನೂ ಹದಿನೈದರ ಹುಡುಗನಿದ್ದಾಗ, ಮುಂಬೈಯ ಒಬ್ಬ ವ್ಯಾಪಾರಿಯ ಹತ್ತಿರ ಗುಮಾಸ್ತನಾಗಿ ಹಡಗು ಹತ್ತಿದರು. ಮುಂದೆ ವ್ಯಾಪಾರದಲ್ಲಿ ಪಾಲು ಸಿಗತದ ಅಂತ ಆಸೆ ಹಚ್ಚಿ ಕಳಿಸಿದ್ದರು. ಆಗ ಸೂಯೆಜ್ ಕಾಲುವೆ ಇರಲಿಲ್ಲ. ಅದು ತೆರೆದದ್ದು 1869ರಲ್ಲಿ. ಆಫ್ರಿಕಾ ಸುತ್ತಿ ತಿಂಗಳುಗಟ್ಟಲೆ ಪ್ರಯಾಣ. ಬಂದು ನೋಡಿದರೆ ಆ ವ್ಯಾಪಾರಿಯೇ ಸಾಲದಾಗ ಮುಳುಗಿದ್ದ! ಇವತ್ತು ನಮ್ಮ ಹುಡುಗರಿಗೆ ಏಜೆಂಟರು ಹೇಳೋದು ಒಂದು, ಅಲ್ಲಿ ಹೋದ ಮೇಲೆ ಕಾಣೋದು ಇನ್ನೊಂದು ಅಂತೀವಲ್ಲ, ಇದು ಇನ್ನೂರು ವರ್ಷದ ಹಳೇ ಕಥೆ.

ಆ ಹುಡುಗ ಅಳುತ್ತಾ ಕೂಡಲಿಲ್ಲ. ನಿಜಾಮರ ಸೈನ್ಯದಾಗ ನೌಕರಿ ಸಿಕ್ಕಿತು, ಹೋದ. ಮೊದಲು ಮಾಡಿದ ಕೆಲಸ ಭಾಷೆ ಕಲಿತದ್ದು. ಹಿಂದೂಸ್ತಾನಿ, ಮರಾಠಿ, ಪಾರಸಿ ಕಲಿತರು. ಕಾನೂನು, ಭೂಮಿ ಅಳತೆ, ಕೆರೆ-ರಸ್ತೆ ಕಟ್ಟುವ ವಿದ್ಯೆ ಇವನ್ನೆಲ್ಲ ಪುಸ್ತಕ ಇಟ್ಟುಕೊಂಡು ತಾವೇ ಕಲಿತರು. ಯಾವ ಕಾಲೇಜಿನ ಮೆಟ್ಟಿಲೂ ಹತ್ತಿದವರಲ್ಲ.

1841ರ ಕೊನೆಗೆ ಅವರನ್ನು ಸುರಪುರಕ್ಕೆ ಕಳಿಸಿದರು. ಮುಂದೆ ರಾಜಾ ಕೃಷ್ಣಪ್ಪನಾಯಕರು ತೀರಿಕೊಂಡರು. ಪಟ್ಟಕ್ಕೆ ಬರಬೇಕಾದ ವೆಂಕಟಪ್ಪನಾಯಕರು ಇನ್ನೂ ಸಣ್ಣ ಬಾಲಕ. ಸಂಸ್ಥಾನದ ಆಡಳಿತವನ್ನು ನೋಡಿಕೊಳ್ಳುತ್ತಾ ಟೇಲರ್ 1853ರವರೆಗೆ ಇಲ್ಲೇ ಇದ್ದರು. ಸುತ್ತಮುತ್ತ ಅವರ ಜನ ಅನ್ನೋರು ಇರಲಿಲ್ಲ. ಇಲ್ಲಿದ್ದ ಕಾಲದಾಗಲೇ ಹೆಂಡತಿ ತೀರಿಕೊಂಡರು. ಹೆಣ್ಣುಮಕ್ಕಳು ಇಂಗ್ಲೆಂಡಿನಲ್ಲಿ. ಪತ್ರ ಬರಬೇಕಾದರೆ ತಿಂಗಳು ಕಾಯಬೇಕು. ಆ ಒಂಟಿತನದಾಗ ಏನು ಮಾಡಿದರು? ಕೆಲಸ ಮಾಡಿದರು. ಕೆರೆ ದುರಸ್ತಿ, ರಸ್ತೆ, ಲೆಕ್ಕಪತ್ರ, ನ್ಯಾಯ. ಸುರಪುರದ ಗುಡ್ಡದ ಮೇಲೆ ಕಟ್ಟಿಸಿದ ಮನೆಯನ್ನು ಜನ ಇವತ್ತಿಗೂ ಟೇಲರ್ ಮಂಜಿಲ್ ಅಂತಾರ. ಬಿಡುವಾದಾಗ ಚಿತ್ರ ಬರೆದರು.

ಇನ್ನೊಂದು ಮಾತು ನಮ್ಮ ಹುಡುಗರು ಕೇಳಬೇಕು. ರಾಜನಕೋಳೂರಿನ ಹತ್ತಿರ ದೊಡ್ಡ ದೊಡ್ಡ ಬಂಡೆ ನಿಲ್ಲಿಸಿ ಮೇಲೆ ಚಪ್ಪಡಿ ಹೊದಿಸಿದ ಹಳೇ ಸಮಾಧಿಗಳಿವೆ. ನಾವು ಮೋರ್ಯರ ಮನಿ ಅಂತ ಹೇಳಿ ಸುಮ್ಮನೆ ದಾಟಿ ಹೋಗ್ತಿದ್ವಿ. ಟೇಲರ್ ಅಲ್ಲಿ ನಿಂತು ನೋಡಿದರು. ಇಂಥವೇ ಕಲ್ಲುಗಳು ತಮ್ಮ ಸೀಮೆಯಲ್ಲೂ ಇವೆಯಲ್ಲ ಅಂತ ಬೆರಗಾದರು. ಅಗೆದು, ಅಳತೆ ಮಾಡಿ, ಚಿತ್ರ ತೆಗೆದು, ಮುಂಬೈಯ ವಿದ್ವಾಂಸರ ಸಭೆಗೂ ಆಮೇಲೆ ಐರ್ಲೆಂಡಿನ ಸಭೆಗೂ ಬರೆದು ಕಳಿಸಿದರು. ಪರದೇಶದಾಗ ನಮ್ಮದು ಅನ್ನೋದು ಏನಾದರೂ ಒಂದು ಸಿಕ್ಕರೆ ಮನಸ್ಸಿಗೆ ಎಷ್ಟು ಆಸರ ಆಗತದ ಅನ್ನೋದಕ್ಕ ಇದೊಂದು ಸಾಕ್ಷಿ.

ಬಾಲರಾಜ ವೆಂಕಟಪ್ಪನಾಯಕರು ಆ ಸಾಹೇಬನನ್ನು 'ಅಪ್ಪಾ' ಅಂತ ಕರೀತಿದ್ದರು. ಟೇಲರ್ ತಮ್ಮ ಜೀವನ ಕಥೆಯಲ್ಲಿ ತಾವೇ ಬರೆದಿದ್ದಾರೆ. ಇಲ್ಲಿಗೇ ಕಥೆ ಮುಗಿಸಿದರೆ ಚಂದ. ಆದರೆ ಸುರಪುರದ ಮಣ್ಣಿನ ಮೇಲೆ ನಿಂತು ಅರ್ಧ ಕಥೆ ಹೇಳಬಾರದು. 1858ರ ಫೆಬ್ರುವರಿಯಲ್ಲಿ ವೆಂಕಟಪ್ಪನಾಯಕರು ಕಂಪನಿ ಸರಕಾರದ ವಿರುದ್ಧ ಕತ್ತಿ ಹಿಡಿದರು. ಸುರಪುರ ಕೈಬಿಟ್ಟಿತು. ರಾಜರು ಹೈದರಾಬಾದಿನಲ್ಲಿ ಸೆರೆ ಸಿಕ್ಕರು. ಟೇಲರ್ ಸೆರೆಮನೆಗೆ ಹೋಗಿ ಕಂಡರು. ಅಲ್ಲಿಯೂ ಆ ಹುಡುಗ ಅಪ್ಪಾ ಅಂತಲೇ ಕರೆದ. ಮೊದಲು ಮರಣದಂಡನೆ, ಆಮೇಲೆ ಗಡಿಪಾರು, ಕಡೆಗೆ ನಾಲ್ಕು ವರ್ಷದ ಸೆರೆವಾಸ ಅಂತ ಶಿಕ್ಷೆ ಇಳೀತು. ಚೆಂಗಲಪಟ್ಟಿಗೆ ಒಯ್ಯುವ ದಾರಿಯಲ್ಲಿ, 1858ರ ಮೇ ತಿಂಗಳಲ್ಲಿ, ಗುಂಡಿಗೆ ರಾಜರ ಪ್ರಾಣ ಹೋಯಿತು. ಇಪ್ಪತ್ತನಾಲ್ಕರ ವಯಸ್ಸು. ಎರಡು ವರ್ಷಕ್ಕೆ, 1860ರಲ್ಲಿ, ಸಂಸ್ಥಾನ ನಿಜಾಮರ ಪಾಲಾಯಿತು.

ಅಪ್ಪ ಅನಿಸಿಕೊಂಡವರಿಗೆ ಮಗನನ್ನು ಉಳಿಸಿಕೊಳ್ಳೋದು ಆಗಲಿಲ್ಲ. ಪ್ರೀತಿ ಸುಳ್ಳಿತ್ತು ಅಂತ ನಾನು ಹೇಳೋದಿಲ್ಲ. ಆದರೆ ಅವರು ಉಣ್ಣುತ್ತಿದ್ದ ಅನ್ನ ಬ್ಯಾರೆಯವರದು, ಹುಕುಂ ಬ್ಯಾರೆಯವರದು. ಪರದೇಶಿಯ ಬದುಕಿಗೆ ಇಂಥದೊಂದು ಗೆರೆ ಇರತದ. ಸಲೀಸು ದಿನಗಳಾಗ ಅದು ಕಾಣೋದಿಲ್ಲ, ಕಷ್ಟ ಬಂದಾಗ ಕಾಣತದ.

ಟೇಲರ್ 1860ರಲ್ಲಿ ತಮ್ಮ ದೇಶಕ್ಕೆ ಹೋದರು. ಕಣ್ಣು ಮಂಜಾದ ಮೇಲೆ 1875ರಲ್ಲಿ ಮತ್ತೆ ಹಿಂದೂಸ್ತಾನಕ್ಕೆ ಬಂದರು, ಇಲ್ಲಿ ಜ್ವರ ಹಿಡೀತು. ಮರಳಿ ಹೋಗುವಾಗ 1876ರ ಮೇ ತಿಂಗಳಲ್ಲಿ ಫ್ರಾನ್ಸ್ ದೇಶದ ಮೆಂಟನ್ ಎಂಬಲ್ಲಿ ತೀರಿಕೊಂಡರು. ಇತ್ತ ನಮ್ಮ ಮಣ್ಣೂ ಅಲ್ಲ, ಅತ್ತ ಅವರ ಮಣ್ಣೂ ಅಲ್ಲ.

ಇನ್ನು ನನ್ನ ಮನಿ ಮಾತು. ನನ್ನ ಮಗ ಒಮಾನ್ ದೇಶದ ಮಸ್ಕತ್‌ನಲ್ಲಿ ವಿದ್ಯುತ್ ಕೆಲಸ ಮಾಡ್ತಾನ. ನಾನು ಒಂದು ತಿಂಗಳು ಅಲ್ಲಿ ಇದ್ದು ಬಂದೆ. ಮೊದಲನೇ ದಿನ ರಸ್ತೆ ದಾಟಾಕ ಹೋಗಿ ಗಾಡಿ ಕೆಳಗ ಬೀಳೋದು ಸ್ವಲ್ಪದರಾಗ ತಪ್ಪಿತು. ಅಲ್ಲಿ ಗಾಡಿಗಳು ಬಲಗಡೆ ಹೋಗ್ತಾವ. ಅರವತ್ತು ವರ್ಷ ಒಂದು ಕಡೆ ನೋಡಿ ದಾಟಿದ ಕುತ್ತಿಗಿಗೆ ಇನ್ನೊಂದು ಕಡೆ ತಿರುಗೋದು ಕಲಿಸಬೇಕಾತು. ಗಡಿಯಾರ ನಮ್ಮದಕ್ಕಿಂತ ಒಂದೂವರೆ ತಾಸು ಹಿಂದ. ಸೂಟಿ ರವಿವಾರ ಅಲ್ಲ, ಶುಕ್ರವಾರ. ಒಂದು ರಿಯಾಲಿಗೆ ಸಾವಿರ ಬೈಸಾ. ನೂರರ ಲೆಕ್ಕ ಮಾಡಿದವನಿಗೆ ಅಂಗಡಿಯಾಗ ಚಿಲ್ಲರೆ ಎಣಿಸೋದೇ ಒಂದು ಪಾಠ. ರೊಟ್ಟಿ ಬದಲಿಗೆ ಖುಬ್ಜ್. ನಾನು ಒಯ್ದ ಜ್ವಾಳದ ಹಿಟ್ಟು ಎಂಟು ದಿನಕ್ಕ ಮುಗೀತು. ಕೋಣಿಯಾಗಿನ ಹುಡುಗರೆಲ್ಲ, ತೆಲುಗರು, ಮಲೆಯಾಳಿಗಳು, ನಮ್ಮ ವಿಜಾಪುರ ಕಡೆಯವ ಒಬ್ಬ, ಸಾಲಾಗಿ ಕುಂತು ರೊಟ್ಟಿ-ಶೇಂಗಾ ಹಿಂಡಿ ತಿಂದರು.

ಅಲ್ಲಿ ಬಿಸಿಲು ನಮ್ಮ ಬಿಸಿಲಿಗಿಂತ ಕೆಟ್ಟದ್ದು. ಜೂನ್‌ನಿಂದ ಆಗಸ್ಟ್‌ವರೆಗೆ ಮಧ್ಯಾಹ್ನ 12-30ರಿಂದ 3-30ರತನಕ ಬಯಲಿನ್ಯಾಗ ಕೆಲಸ ಮಾಡಿಸಬಾರದು ಅಂತ ಅಲ್ಲಿನ ಕಾಯಿದೆ ಅದ. ಈ ಕಾಯಿದೆ ಗೊತ್ತಿದ್ದವ ಕೇಳ್ತಾನ, ಗೊತ್ತಿಲ್ಲದವ ದುಡೀತಾನ. ನನ್ನ ಮಗನಿಗೆ ಕೇಳಿದೆ: 'ತಮ್ಮಾ, ಇಲ್ಲಿ ಹ್ಯಾಂಗ ಹೊಂದಿಕೊಂಡಿ?' ಅವ ಅಂದ: 'ಯಪ್ಪಾ, ಮೊದಲ ಆರು ತಿಂಗಳು ರಾತ್ರಿ ನಮ್ಮ ಕೆರೆ ಕನಸಿನ್ಯಾಗ ಬರ್ತಿತ್ತು. ನಾಲ್ಕು ಮಾತು ಅರಬ್ಬಿ ಕಲಿತ ಮೇಲೆ ಮೇಸ್ತ್ರಿ ಹೆಸರು ಹಿಡಿದು ಕರಿಯಾಕತ್ತಿದ. ಅವತ್ತಿನಿಂದ ನಿದ್ದಿ ಬಂತು.'

ಭಾಷೆ ಕಲೀಬೇಕು, ಕೈಯಲ್ಲಿ ಒಂದು ಕಸಬು ಇರಬೇಕು, ಹೆಸರು ಹಿಡಿದು ಕರೆಯುವವರು ಒಬ್ಬರಾದರೂ ಬೇಕು. ಟೇಲರ್ ಸಾಹೇಬನಿಗೂ ಇವೇ ಮೂರು, ನನ್ನ ಮಗನಿಗೂ ಇವೇ ಮೂರು. ಆದರೆ ನಾಲ್ಕನೆಯದೊಂದು ಅದ. ಅದು ಹೋಗುವವನ ಕೈಯಾಗ ಇಲ್ಲ, ಊರಿನ ಕೈಯಾಗ ಅದ.

ಇದನ್ನು ಹೇಳಾಕ ನನಗ ನಾಚಿಕಿ ಆಗತದ, ಆದರೂ ಹೇಳ್ತೀನಿ. ಕೆಲವು ವರ್ಷದ ಹಿಂದ ನನ್ನ ಶಿಷ್ಯ ಒಬ್ಬ ಗಲ್ಫಿಗೆ ಹೊಂಟಿದ್ದ. ಅವನ ತಂದಿ ಒಂದು ಕಾಗದ ತಂದು, 'ಮಾಸ್ತರ್ರೇ, ಓದಿ ಸಾಕ್ಷಿ ಹಾಕ್ರಿ' ಅಂದರು. ಇಂಗ್ಲಿಷಿನಲ್ಲಿತ್ತು, ಐದಾರು ಪುಟ. ಮೊದಲನೇ ಪುಟ ಓದಿದೆ, ಉಳಿದದ್ದು ತಿರುವಿ ಹಾಕಿದೆ, ಸಹಿ ಮಾಡಿದೆ. ಬಾಯಿಮಾತಿನಲ್ಲಿ ಹೇಳಿದ್ದು ವೈರಿಂಗ್ ಕೆಲಸ. ಕಾಗದದಾಗ ಇದ್ದದ್ದು ಕೂಲಿ ಕೆಲಸ, ಪಗಾರ ಅರ್ಧ. ಎಂಟು ತಿಂಗಳಿಗೆ ಹುಡುಗ ಸೊರಗಿ ತಿರುಗಿ ಬಂದ. ಏಜೆಂಟನಿಗೆ ಕೊಡಾಕ ಎರಡೆಕರೆ ಹೊಲ ಒತ್ತಿ ಹಾಕಿದ್ದರು. ಯಾಕ ಸಂಘಕ್ಕೆ ಬಂದು ಕೇಳಲಿಲ್ಲ ಅಂದರೆ, 'ಊರು ಬಿಟ್ಟು ಹೋಗಾಕ ಸಂಘದ ರೊಕ್ಕ ಹ್ಯಾಂಗ ಕೇಳೋದ್ರಿ' ಅಂದರು. ಆ ಹುಡುಗ ಪರದೇಶಿ ಆದದ್ದು ಪರದೇಶದಾಗ ಅಲ್ಲ. ಇದೇ ಊರಾಗ, ನನ್ನ ಮನಿ ಕಟ್ಟಿ ಮೇಲೆ, ನನ್ನ ಸಹಿ ಬಿದ್ದಾಗ.

ಆದ್ದರಿಂದ ಬೆಳ್ಳಿಹಬ್ಬದ ದಿನ ಸಂಘದ ಮುಂದೆ ಮೂರು ಬೇಡಿಕೆ ಇಡ್ತೀನಿ. ಮೊದಲನೆಯದು, ಸಂಘದ ಕಚೇರಿಯಲ್ಲಿ ಒಂದು ವಹಿ ಇಡ್ರಿ. ಊರು ಬಿಟ್ಟು ಹೋದವರ ಹೆಸರು, ಹೋದ ಊರು, ಫೋನು, ಅವರ ಪಾಸ್‌ಪೋರ್ಟ್ ಮತ್ತು ಕರಾರಿನ ನಕಲು ಅದರಾಗ ಇರಲಿ. ಎರಡನೆಯದು, ವಿದೇಶದ ಕರಾರು ಬಂದರೆ ಸಹಿಗೆ ಮುಂಚೆ ಇಲ್ಲಿ ತಂದು ಪೂರ್ತಿ ಓದಿಸ್ರಿ. ಏಜೆಂಟನಿಗೆ ಕೇಂದ್ರ ಸರಕಾರದ ಪರವಾನಗಿ ಅದನೋ ಇಲ್ಲೋ ಮೊದಲು ನೋಡ್ರಿ. ಹತ್ತನೇ ಇಯತ್ತೆ ಪಾಸಾಗದವರು ಗಲ್ಫಿಗೆ ದುಡಿಯಾಕ ಹೋಗಬೇಕಾದರೆ ಸರಕಾರದ ವಲಸೆ ಅನುಮತಿ ಬೇಕು; ಅದನ್ನು ತಪ್ಪಿಸಿ ಸುತ್ತಾಟದ ವೀಸಾದ ಮೇಲೆ ಕಳಿಸ್ತೀನಿ ಅನ್ನುವವನನ್ನು ಬಾಗಿಲಿಂದಲೇ ತಿರುಗಿ ಕಳಿಸ್ರಿ. ಓದುವ ಕೆಲಸಕ್ಕ ನಾನು ವಾರಕ್ಕೊಮ್ಮೆ ಬಂದು ಕೂಡ್ತೀನಿ. ಪಗಾರ ಬ್ಯಾಡ. ನನ್ನ ಒಂದು ಸಹಿಯ ಸಾಲ ಇನ್ನೂ ತೀರಿಲ್ಲ.

ಮೂರನೆಯದು ನಮ್ಮೆಲ್ಲರಿಗೂ. ಕಾಲುವೆ ನೀರು ಬಂದ ಮೇಲೆ ನಮ್ಮ ತಾಲೂಕಿಗೂ ಹೊರಗಿನ ಜನ ಬಂದಾರ. ಆಂಧ್ರದ ರೈತರು ಕ್ಯಾಂಪ್ ಮಾಡಿಕೊಂಡಾರ, ಉತ್ತರದ ಹುಡುಗರು ಕಟ್ಟಡದ ಕೆಲಸಕ್ಕ ಬರ್ತಾರ. ಅವರ ಹೆಸರು ನಮಗೆ ಗೊತ್ತದನ? 'ಏ ಭಯ್ಯಾ' ಅಂತ ಒದರ್ತೀವಿ. ನಮ್ಮ ಮಕ್ಕಳನ್ನು ಅಲ್ಲಿ ಯಾರಾದರೂ ಹೆಸರು ಹಿಡಿದು ಕರೀಲಿ ಅಂತ ಬಯಸೋ ನಾವು, ಇಲ್ಲಿ ಬಂದವರ ಹೆಸರು ಕೇಳಬೇಕಲ್ಲ.

ಎಲ್ಲರಿಗಾಗಿ ನಾನು, ನನಗಾಗಿ ಎಲ್ಲರೂ ಅಂತ ಸಹಕಾರ ತತ್ವ ಹೇಳತದ. ಈ 'ಎಲ್ಲರೂ' ಅನ್ನೋದರಾಗ ಊರಾಗ ಇದ್ದವರಷ್ಟೇ ಅಲ್ಲ, ಊರು ಬಿಟ್ಟವರೂ ಸೇರಲಿ. ಹೆಬ್ಬಾತು ಪ್ರತಿ ವರ್ಷ ತಿರುಗಿ ಬರೋದು ಕೆರೆಯಾಗ ನೀರಿದ್ದರೆ ಮಾತ್ರ. ನೀರು ಇಡೋದು ನಮ್ಮ ಕೆಲಸ.

 ಸಂಘ ಬಂಗಾರದ ಹಬ್ಬವನ್ನೂ ಕಾಣಲಿ. ನಾನು ಇರಲಿಕ್ಕಿಲ್ಲ, ಆದರೆ ಆ ವಹಿ ಇರಲಿ.

ಜೈ ಹಿಂದ್. ಜೈ ಕರ್ನಾಟಕ.