ಬಹುಕಾಲ ನಿಂತ ಮೋಟಾರಿನ ರೋಗಪರೀಕ್ಷೆ



ಬಳಸಿದ ವಸ್ತು ಸವೆಯುತ್ತದೆ, ಬಳಸದೆ ಇಟ್ಟದ್ದು ಉಳಿಯುತ್ತದೆ ಎಂದು ನಾವೆಲ್ಲರೂ ಸಾಮಾನ್ಯವಾಗಿ ನಂಬಿರುತ್ತೇವೆ. ಪೆಟ್ಟಿಗೆಯಲ್ಲಿಟ್ಟ ಬೆಳ್ಳಿಯ ಲೋಟಕ್ಕೆ ಈ ನಂಬಿಕೆ ಸಲ್ಲಬಹುದು. ಮೋಟಾರು ಗಾಡಿಗೆ ಸಲ್ಲದು. ಓಡುವ ಗಾಡಿ ಸವೆತದಿಂದ ಕೆಡುತ್ತದೆ. ನಿಂತ ಗಾಡಿ ತುಕ್ಕಿನಿಂದಲೂ ತೇವದಿಂದಲೂ ಎಣ್ಣೆಯಿಲ್ಲದ ಒಣಗಿನಿಂದಲೂ ಕೆಡುತ್ತದೆ. ಈ ಎರಡು ಬಗೆಯ ಕೇಡುಗಳನ್ನು ಒಂದೇ ಎಂದು ತಿಳಿಯುವುದರಿಂದ ಎಷ್ಟೋ ಒಳ್ಳೆಯ ಹಳೆಯ ಗಾಡಿಗಳು ಗುಜರಿಯ ಪಾಲಾಗುತ್ತವೆ. ನಮ್ಮ ಮನೆಯ ಗಾಡಿಗೂ ಆ ಗತಿ ಬರುವುದರಲ್ಲಿತ್ತು. ಅದು ತಪ್ಪಿದ ಬಗೆಯನ್ನೂ, ಅದರಿಂದ ನಾವು ಕಲಿತ ಪರೀಕ್ಷೆಯ ಕ್ರಮವನ್ನೂ ಇಂದು ತಮ್ಮ ಮುಂದೆ ಇಡುತ್ತೇವೆ.

ಗಾಡಿಯು ನಮ್ಮ ಮಾವನವರದು. 1978ನೆಯ ಇಸವಿಯ ಅಂಬಾಸಿಡರ್. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಎಂಬ ಗಾಡಿಯ ಮೂರನೆಯ ಮಾದರಿಯನ್ನು ಅನುಸರಿಸಿ ಹಿಂದೂಸ್ತಾನ್ ಮೋಟಾರ್ಸ್ ಕಂಪನಿಯವರು ಕಲ್ಕತ್ತೆಯ ಬಳಿಯ ಉತ್ತರಪಾರಾದಲ್ಲಿ 1950ರ ದಶಕದ ಕೊನೆಯಿಂದ 2014ರ ವರೆಗೆ ತಯಾರಿಸಿದ ಗಾಡಿ ಇದು. ಎಂಜಿನ್ನು ಮುಂದೆ, ಶಕ್ತಿ ಮುಟ್ಟುವುದು ಹಿಂದಿನ ಚಕ್ರಗಳಿಗೆ. ಮಾವನವರು ತೀರಿಕೊಂಡ ಮೇಲೆ ಎಂಟು ಮಳೆಗಾಲಗಳನ್ನು ಅದು ಮಲೆನಾಡಿನ ಅಡಕೆಯ ಕೊಟ್ಟಿಗೆಯೊಂದರಲ್ಲಿ ಕಳೆಯಿತು. ಮಲೆನಾಡಿನ ಎಂಟು ಮಳೆಗಾಲವೆಂದರೆ ಏನೆಂಬುದನ್ನು ಅಲ್ಲಿ ಇದ್ದವರಿಗೆ ವಿವರಿಸಬೇಕಾದುದಿಲ್ಲ.

ಗಾಡಿಯನ್ನು ಹೊರಗೆ ತೆಗೆದು ಎಂಜಿನ್ನನ್ನು ಶುದ್ಧಮಾಡಿ ನಡೆಸಿದಾಗ ಅದು ಚೆನ್ನಾಗಿಯೇ ನಡೆಯಿತು. ಆದರೆ ಗೇರು ಬೀಳಲೊಲ್ಲದು. ಬಲವಂತಪಡಿಸಿದರೆ ಕರಕರನೆ ಕೂಗುವುದು. ಪಟ್ಟಣದಿಂದ ಬಂದ ಮೆಕ್ಯಾನಿಕ್ಕರು ಒಂದೆರಡು ಸಾರಿ ಸನ್ನೆಯನ್ನು ಎಳೆದಾಡಿ ನೋಡಿ, “ಗೇರ್‌ಬಾಕ್ಸಿನ ಹಲ್ಲು ಹೋಗಿದೆ, ಪೂರ್ತಿ ಇಳಿಸಬೇಕು” ಎಂದರು. ಅವರು ಹೇಳಿದ ಖರ್ಚು ಗಾಡಿಯ ಬೆಲೆಗೆ ಸಮೀಪವಾಗಿತ್ತು. ಗುಜರಿಗೆ ಕೊಟ್ಟುಬಿಡುವುದೆಂದು ಮನೆಯವರು ತೀರ್ಮಾನಿಸಿದರು. ಅತ್ತೆಯವರು ಏನೂ ಆಡಲಿಲ್ಲ. ಎದ್ದು ಒಳಗೆ ಹೋದರು.

ಆ ಸಂಜೆ ಮಾವನವರ ಕಾಲದ ಮುದುಕ ಡ್ರೈವರು ಗಾಡಿಯನ್ನು ನೋಡಲು ಬಂದನು. ಅವನು ಕೇಳಿದ್ದು ಒಂದೇ ಪ್ರಶ್ನೆ: “ಎಂಜಿನ್ ನಿಲ್ಲಿಸಿದಾಗ ಗೇರು ಬೀಳುತ್ತದೆಯೇ, ಸ್ವಾಮಿ?” ನಾವು ಆವರೆಗೆ ಅದನ್ನು ನೋಡಿರಲಿಲ್ಲ. ನೋಡಿದೆವು, ನಾಲ್ಕು ಗೇರುಗಳೂ ಬೆಣ್ಣೆಯಲ್ಲಿ ಕತ್ತಿ ಇಳಿದಂತೆ ಬಿದ್ದವು. “ಹಾಗಾದರೆ ಬಾಕ್ಸಿನದಲ್ಲ, ಕ್ಲಚ್ಚಿನದು,” ಎಂದು ಅವನು ಬೀಡಿ ಹಚ್ಚಿದನು.

ಅವನ ಮಾತಿನ ತರ್ಕವನ್ನು ತಿಳಿಯಬೇಕಾದರೆ ಶಕ್ತಿಯು ಹೋಗುವ ದಾರಿಯನ್ನು ತಿಳಿಯಬೇಕು. ಎಂಜಿನ್ನಿನ ತುದಿಯಲ್ಲಿ ಫ್ಲೈವೀಲ್ ಎಂಬ ಭಾರವಾದ ಚಕ್ರ. ಅದಕ್ಕೆ ಒತ್ತಿಕೊಂಡಿರುವ ಕ್ಲಚ್ ಪ್ಲೇಟು. ಅದರ ಹಿಂದೆ ಗೇರ್‌ಬಾಕ್ಸು. ಅಲ್ಲಿಂದ ಗಾಡಿಯ ಹೊಟ್ಟೆಯ ಕೆಳಗೆ ಹಾದುಹೋಗುವ ಪ್ರೊಪೆಲ್ಲರ್ ಷಾಫ್ಟು, ಅದರ ಎರಡು ತುದಿಗಳಲ್ಲಿ ಕ್ರಾಸ್ ಎಂಬ ಕೀಲುಗಳು. ಕಡೆಗೆ ಹಿಂದಿನ ಆಕ್ಸಲಿನ ಕ್ರೌನು ಮತ್ತು ಪಿನಿಯನ್ನು. ಪೆಡಲನ್ನು ತುಳಿದಾಗ ಪ್ಲೇಟು ಫ್ಲೈವೀಲಿನಿಂದ ಬಿಡಿಸಿಕೊಳ್ಳಬೇಕು. ಗಾಡಿಯು ತೇವದಲ್ಲಿ ವರ್ಷಗಟ್ಟಲೆ ನಿಂತರೆ ಫ್ಲೈವೀಲಿನ ಮುಖಕ್ಕೆ ತುಕ್ಕು ಹಿಡಿದು ಪ್ಲೇಟು ಅದಕ್ಕೆ ಅಂಟಿಕೊಳ್ಳುತ್ತದೆ. ಆಗ ಪೆಡಲನ್ನು ಎಷ್ಟು ತುಳಿದರೂ ಎಂಜಿನ್ನು ಗೇರುಗಳನ್ನು ತಿರುಗಿಸುತ್ತಲೇ ಇರುತ್ತದೆ. ತಿರುಗುವ ಹಲ್ಲಿಗೆ ನಿಂತ ಹಲ್ಲು ಕೂಡಲಾರದು. ಎಂಜಿನ್ನು ನಿಂತಾಗ ಆ ತೊಡಕಿಲ್ಲ. ಪೆಡಲು ಮೆತ್ತಗೆ, ತಡೆಯಿಲ್ಲದೆ ಕೆಳಗಿಳಿದರೆ ದೋಷವು ಪೆಡಲಿನಿಂದ ಕ್ಲಚ್ಚಿಗೆ ಹೋಗುವ ಏರ್ಪಾಟಿನಲ್ಲಿರುತ್ತದೆ. ನಮ್ಮದರಂತೆ ಗಟ್ಟಿಯಾಗಿದ್ದು ಪೂರ್ತಿ ಚಲಿಸಿದರೂ ಬಿಡದಿದ್ದರೆ ಪ್ಲೇಟು ಅಂಟಿದೆಯೆಂದೇ ಹೆಚ್ಚಾಗಿ ಊಹಿಸಬಹುದು.

ಡ್ರೈವರನು ಪೆಡಲಿಗೂ ಆಸನಕ್ಕೂ ನಡುವೆ ಒಂದು ಮರದ ತುಂಡನ್ನು ಇಟ್ಟು, ರಾತ್ರಿಯೆಲ್ಲ ಅದು ತುಳಿದಂತೆಯೇ ಇರುವ ಹಾಗೆ ಮಾಡಿದನು. ಮರುದಿನ ಬ್ರೇಕುಗಳು ಹಿಡಿಯುತ್ತವೆಯೆಂದು ಮೊದಲು ಖಚಿತಪಡಿಸಿಕೊಂಡು, ಗಾಡಿಯನ್ನು ಬರಿದಾದ ಬಯಲಿಗೆ ತಳ್ಳಿಸಿ, ಎಂಜಿನ್ನನ್ನು ಬಿಸಿಮಾಡಿ ನಿಲ್ಲಿಸಿದನು. ಬಳಿಕ ಎರಡನೆಯ ಗೇರಿನಲ್ಲಿಟ್ಟು ಪೆಡಲನ್ನು ತುಳಿದುಕೊಂಡೇ ಸ್ಟಾರ್ಟು ಮಾಡಿದನು. ಗಾಡಿ ಕುಪ್ಪಳಿಸಿ ಓಡಿತು. ಅವನು ವೇಗವನ್ನು ಏರಿಸುತ್ತ ಇಳಿಸುತ್ತ ಎರಡು ಸುತ್ತು ಬರುವಷ್ಟರಲ್ಲಿ ಟಕ್ಕೆಂದು ಪ್ಲೇಟು ಬಿಟ್ಟಿತು. ಇದರಲ್ಲಿ ಅಪಾಯವಿಲ್ಲದೆ ಇಲ್ಲ: ಪ್ಲೇಟಿನ ಮೇಲಿನ ಪದರವೇ ಕಿತ್ತು ಬರಬಹುದು. ಹಾಗಾದರೂ ಹೋಗುವುದು ಒಂದು ಪ್ಲೇಟು, ಗೇರ್‌ಬಾಕ್ಸಲ್ಲ.

ಗಾಡಿ ಓಡಿದ ಮೇಲೆ ಇನ್ನೆರಡು ದೂರುಗಳು ಹೊರಬಿದ್ದವು. ಹೊರಡುವಾಗ ಕೆಳಗೆ ಠಣ್ಣೆಂಬ ಸದ್ದು. ಮೆಲ್ಲಗೆ ಹೋಗುವಾಗ ಧಡಧಡನೆ ನಡುಕ. ಈಗ ನಮಗೂ ಸ್ವಲ್ಪ ಬುದ್ಧಿ ಬಂದಿತ್ತು. ಏನನ್ನೂ ಬಿಚ್ಚದೆ ಮೊದಲು ಕೈಯಿಂದ ಪರೀಕ್ಷಿಸಿದೆವು. ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂದಿನ ಭಾಗವನ್ನು ಎತ್ತಿ, ಭದ್ರವಾದ ಸ್ಟ್ಯಾಂಡುಗಳ ಮೇಲೆ ಕೂರಿಸಿದೆವು. ಬರಿಯ ಜಾಕಿಯನ್ನು ನಂಬಿ ಗಾಡಿಯ ಕೆಳಗೆ ಯಾರೂ ಹೋಗಬಾರದು. ಗೇರನ್ನು ಬಿಟ್ಟು ಚಕ್ರಗಳನ್ನು ಒಂದೊಂದಾಗಿ ತಿರುಗಿಸಬೇಕು. ಬಿಗಿಯಾಗಿದ್ದರೆ ಆಕ್ಸಲನ್ನು ದೂರುವ ಮೊದಲು ಬ್ರೇಕನ್ನು ನೋಡಬೇಕು. ಹ್ಯಾಂಡ್ ಬ್ರೇಕು ಹಾಕಿಟ್ಟ ಗಾಡಿಯಲ್ಲಿ ಬ್ರೇಕು ಡ್ರಮ್ಮಿಗೆ ಅಂಟಿರುವುದುಂಟು. ಬಳಿಕ ಗೇರಿನಲ್ಲಿಟ್ಟು ಒಂದು ಚಕ್ರವನ್ನು ತಿರುಗಿಸಿದರೆ ಇನ್ನೊಂದು ಎದುರು ದಿಕ್ಕಿಗೆ ತಿರುಗಬೇಕು. ಕಡೆಗೆ ಷಾಫ್ಟನ್ನು ಹಿಡಿದು ಹಿಂದಕ್ಕೂ ಮುಂದಕ್ಕೂ ತಿರುವಿ ಕ್ರಾಸುಗಳನ್ನು ನೋಡಬೇಕು. ನಮ್ಮ ಗಾಡಿಯ ಹಿಂದಿನ ಕ್ರಾಸು ಅಲುಗುತ್ತಿತ್ತು. ಅದರೊಳಗಿನ ಸೂಜಿಯಂಥ ಉರುಳೆಗಳು ಒಣಗಿ ತುಕ್ಕು ಹಿಡಿದಿದ್ದವು. ಠಣ್ಣೆಂಬ ಸದ್ದಿಗೆ ಕಾರಣ ಸಿಕ್ಕಿತು.

ನಡುಕಕ್ಕೆ ಕಾರಣವೂ ಅದೇ ಇರಬಹುದೆಂದುಕೊಂಡೆವು. ಆದರೆ ಲೆಕ್ಕ ಕೂಡಿಬರಲಿಲ್ಲ. ಈ ಗಾಡಿಯಲ್ಲಿ ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಷಾಫ್ಟು ನಾಲ್ಕಕ್ಕೂ ಹೆಚ್ಚು ಸುತ್ತು ಬರುತ್ತದೆ. ಷಾಫ್ಟಿನ ನಡುಕ ಬಿರುಸಾಗಿ ಝೇಂಕರಿಸಬೇಕು. ನಮ್ಮದು ಚಕ್ರದ ಸುತ್ತಿಗೆ ಒಂದರಂತೆ ನಿಧಾನವಾಗಿ ಬಡಿಯುತ್ತಿತ್ತು. ಎಂಟು ವರ್ಷ ಒಂದೇ ಕಡೆ ಭಾರ ಹೊತ್ತು ಟೈರುಗಳು ಚಪ್ಪಟೆಯಾಗಿದ್ದವು! ಟೈರು ಬದಲಾಯಿಸಿದೊಡನೆ ನಡುಕ ನಿಂತಿತು.

ಸದ್ದನ್ನು ಕೇಳುವುದಕ್ಕೂ ಹೀಗೆಯೇ ಒಂದು ಕ್ರಮವುಂಟು. ಸದ್ದು ಎಷ್ಟು ದೊಡ್ಡದು ಎಂಬುದಕ್ಕಿಂತ, ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ ಎಂಬುದು ಮುಖ್ಯ. ಗಾಡಿ ನಿಂತು ಎಂಜಿನ್ನು ನಡೆಯುತ್ತಿರುವಾಗ ಕ್ಲಚ್ ತುಳಿದರೆ ಮಾತ್ರ ಬರುವ ಸದ್ದು ಕ್ಲಚ್ಚಿನ ಬೇರಿಂಗಿನದು; ತುಳಿದರೆ ನಿಲ್ಲುವ ಸದ್ದು ಗೇರ್‌ಬಾಕ್ಸಿನ ಒಳಗಿನದು. ಕೆಳಗಿನ ಗೇರುಗಳಲ್ಲಿ ಕೂಗಿ ನಾಲ್ಕನೆಯದರಲ್ಲಿ ಶಾಂತವಾದರೆ ಗೇರ್‌ಬಾಕ್ಸನ್ನೇ ಸಂದೇಹಿಸಬೇಕು; ಏಕೆಂದರೆ ನಾಲ್ಕನೆಯದರಲ್ಲಿ ಶಕ್ತಿ ಹಲ್ಲುಗಳ ಮೇಲೆ ಬೀಳದೆ ನೇರವಾಗಿ ಹಾದುಹೋಗುತ್ತದೆ. ಎಲ್ಲ ಗೇರುಗಳಲ್ಲಿಯೂ ಗಾಡಿಯ ವೇಗವನ್ನೇ ಅನುಸರಿಸುವ ಸದ್ದು ಹಿಂದಿನದು. ಅದು ಆಕ್ಸಿಲರೇಟರನ್ನು ಒತ್ತಿದಾಗ ಒಂದು ಬಗೆ, ಬಿಟ್ಟಾಗ ಒಂದು ಬಗೆಯಾದರೆ ಕ್ರೌನು ಪಿನಿಯನ್ನುಗಳದು. ಎರಡರಲ್ಲಿಯೂ ಒಂದೇ ಆಗಿದ್ದರೆ ಚಕ್ರದ ಬೇರಿಂಗಿನದೋ ಟೈರಿನದೋ ಇರಬಹುದು.

ಎಣ್ಣೆಯೂ ಸಾಕ್ಷಿ ಹೇಳುತ್ತದೆ. ಗೇರ್‌ಬಾಕ್ಸಿನ ಮತ್ತು ಆಕ್ಸಲಿನ ಎಣ್ಣೆಯನ್ನು ಇಳಿಸಿ ಬೆಳಕಿನಲ್ಲಿ ನೋಡಬೇಕು. ಹಾಲು ಬೆರೆಸಿದಂತಿದ್ದರೆ ನೀರು ಸೇರಿದೆ. ಬೂದುಬಣ್ಣದ ನುಣ್ಣನೆಯ ಕೆಸರು ವಯಸ್ಸಿನ ಗುರುತು, ಅದಕ್ಕೆ ಹೆದರಬೇಕಾಗಿಲ್ಲ; ಲೋಹದ ಚೂರು ಸಿಕ್ಕರೆ ಮಾತ್ರ ಬಿಚ್ಚಲೇಬೇಕು. ಒಣಗಿದ ಆಯಿಲ್ ಸೀಲುಗಳು ಗಾಡಿ ಓಡಿದ ಮೇಲೆ ಸೋರತೊಡಗುವುದೂ ಉಂಟು. ನಮ್ಮ ಹಿಂದಿನ ಆಕ್ಸಲಿನ ಒಂದು ಸೀಲು ಹೀಗೆಯೇ ಸೋರಿ ಬ್ರೇಕಿಗೆ ಎಣ್ಣೆ ಹತ್ತಿಸಿತು, ಅದನ್ನು ಬದಲಾಯಿಸಬೇಕಾಯಿತು.

ಒಟ್ಟಿನಲ್ಲಿ ನಾವು ಕೊಂಡದ್ದು ಒಂದು ಕ್ರಾಸು, ಒಂದು ಸೀಲು, ನಾಲ್ಕು ಟೈರು ಮತ್ತು ಎಣ್ಣೆ. ಯಾರ ಹಲ್ಲು ಹೋಗಿದೆಯೆಂದು ಹೇಳಿದ್ದರೋ ಆ ಗೇರ್‌ಬಾಕ್ಸಿನ ಒಂದು ತಿರುಪನ್ನೂ ಬಿಚ್ಚಲಿಲ್ಲ. ಮೆಕ್ಯಾನಿಕ್ಕರು ಅಪ್ರಾಮಾಣಿಕರೆಂದು ನಾವು ಹೇಳುವುದಿಲ್ಲ. ಅವರು ದಿನವೂ ನೋಡುವುದು ಓಡಿ ಸವೆದ ಗಾಡಿಗಳನ್ನು. ನಿಂತು ಕೆಟ್ಟ ಗಾಡಿಗೂ ಅದೇ ನಿದಾನವನ್ನು ಹೇಳಿದರು. ತಪ್ಪು ನಮ್ಮದೂ ಇತ್ತು. ಕಾಲೇಜಿನಲ್ಲಿ ಇಪ್ಪತ್ತು ವರ್ಷ ಪಾಠ ಹೇಳಿದವರು ನಾವು. ಆದರೂ ಒಂದು ಪ್ರಶ್ನೆಯನ್ನು ಕೇಳದೆಯೇ ತೀರ್ಪನ್ನು ಒಪ್ಪಿಕೊಂಡಿದ್ದೆವು.

ಆದಕಾರಣ ಹಳೆಯ ಗಾಡಿಯುಳ್ಳವರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ತಿಂಗಳಿಗೊಮ್ಮೆಯಾದರೂ ಅದನ್ನು ಹತ್ತು ಹದಿನೈದು ಮೈಲಿ ಓಡಿಸಿ. ನಿಂತಲ್ಲಿಯೇ ಎಂಜಿನ್ನನ್ನು ಐದು ನಿಮಿಷ ನಡೆಸಿದರೆ ಹಿಂದಿನ ಆಕ್ಸಲಿಗೆ ಎಣ್ಣೆ ಮುಟ್ಟುವುದಿಲ್ಲ. ಬಹುಕಾಲ ನಿಲ್ಲಿಸುವುದಾದರೆ ಹ್ಯಾಂಡ್ ಬ್ರೇಕನ್ನು ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಕೆಟ್ಟಿತೆಂದು ಕಂಡಾಗ ಸುಲಭವಾದುದನ್ನು ಮೊದಲು, ಬಿಚ್ಚಬೇಕಾದುದನ್ನು ಕಡೆಗೆ ಪರೀಕ್ಷಿಸಿ. ಒಂದು ಸಲಕ್ಕೆ ಒಂದನ್ನು ಮಾತ್ರ ಸರಿಪಡಿಸಿ ಫಲವನ್ನು ನೋಡಿ.

ಕಳೆದ ಯುಗಾದಿಯ ದಿನ ಅತ್ತೆಯವರನ್ನು ಅದೇ ಗಾಡಿಯಲ್ಲಿ ದೇವಸ್ಥಾನಕ್ಕೆ ಕರೆದುಕೊಂಡು ಹೋದೆವು. ಘಟ್ಟದ ಏರಿನಲ್ಲಿ ಮೂರನೆಯ ಗೇರಿಗೆ ಇಳಿಸಿದಾಗ ಅವರು, “ಇವರೂ ಇಲ್ಲಿಯೇ ಇಳಿಸುತ್ತಿದ್ದರು,” ಎಂದರು.