ಸಮುದ್ರಜಲ ತೊಟ್ಟಿಗಳಲ್ಲಿ ಪೀಡೆಗಳ ಗುರುತು ಮತ್ತು ನಿವಾರಣೆ



ಸಮುದ್ರದಿಂದ ಬಹುದೂರದಲ್ಲಿರುವ ದೆಹಲಿ ಮಹಾನಗರದಲ್ಲಿಯೂ ಗಾಜಿನ ತೊಟ್ಟಿಯಲ್ಲಿ ಉಪ್ಪುನೀರು ತುಂಬಿ ಕಡಲ ಮೀನುಗಳನ್ನು ಸಾಕುವವರಿದ್ದಾರೆ. ಇಂತಹ ನನ್ನ ಮಿತ್ರರೊಬ್ಬರ ತೊಟ್ಟಿಯಲ್ಲಿ, ಅಂಗಡಿಯಿಂದ ತಂದಿರಿಸಿದ ಕಲ್ಲಿನ ಮೇಲೆ, ಒಂದು ದಿನ ಕಂದುಬಣ್ಣದ ಪುಟ್ಟ ಹೂವೊಂದು ಅರಳಿತು. ಮನೆಮಂದಿಯೆಲ್ಲ ಹರ್ಷಪಟ್ಟರು. ವಾಸ್ತವವಾಗಿ ಅದು ಹೂವಲ್ಲ, ಐಪ್ಟೇಸಿಯಾ ಎಂಬ ಕುಟುಕುವ ಪ್ರಾಣಿ. ಮುಟ್ಟಿದೊಡನೆ ಕಲ್ಲಿನ ಬಿರುಕಿನೊಳಗೆ ಮುದುಡಿಕೊಳ್ಳುವುದು ಅದರ ಗುರುತು. ವಿಷಯ ತಿಳಿದ ಮಿತ್ರರು ಚಿಮುಟದಿಂದ ಅದನ್ನು ಕಿತ್ತರು. ಕಲ್ಲಿಗಂಟಿ ಉಳಿದ ಬುಡದ ಚೂರುಗಳಿಂದ ಹೊಸ ಪ್ರಾಣಿಗಳು ಬೆಳೆದವು. ಒಂದಿದ್ದುದು ಹತ್ತಾಯಿತು.

ಮಲೆನಾಡಿನ ಅಡಿಕೆ ಬೆಳೆಗಾರರು ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತ, ಸುಣ್ಣಗಳೆರಡೂ ಇರುತ್ತವೆ. ತೊಟ್ಟಿಯಲ್ಲಿ ಇವೆರಡರ ಪರಿಣಾಮ ಬೇರೆಬೇರೆ. ಮೀನಿನ ಕೆಲವು ರೋಗಗಳಿಗೆ ಬಳಸುವ ಮೈಲುತುತ್ತದ ತಾಮ್ರವು ಸೀಗಡಿ, ಶಂಖದ ಹುಳುಗಳನ್ನೂ ಕೊಲ್ಲುತ್ತದೆ; ಸುಣ್ಣಕಲ್ಲು ಅದನ್ನು ಹೀರಿಕೊಂಡು ಮುಂದೆಯೂ ನೀರಿಗೆ ಬಿಡುತ್ತಿರುತ್ತದೆ. ಐಪ್ಟೇಸಿಯಾಕ್ಕೆ ಸುಣ್ಣವೇ ಮದ್ದು. ಎಲೆಯಡಿಕೆಯ ಡಬ್ಬಿಯ ಸುಣ್ಣವಲ್ಲ, ಶುದ್ಧವಾದ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಅದನ್ನು ನೀರಿನಲ್ಲಿ ಗಟ್ಟಿಯಾಗಿ ಕಲಸಿ, ಪಂಪನ್ನು ನಿಲ್ಲಿಸಿ, ಸಿರಿಂಜಿನಿಂದ ಪ್ರಾಣಿಯ ಬಾಯಿಯ ಮೇಲೆ ಮೆಲ್ಲನೆ ಸುರಿಯಬೇಕು. ದಿನಕ್ಕೆ ಎರಡು ಮೂರು ಸಾಕು. ಹೆಚ್ಚಾದರೆ ನೀರಿನ ಕ್ಷಾರಗುಣ ಏರಿ ಮೀನುಗಳಿಗೆ ಅಪಾಯ. ಕಣ್ಣಿಗೆ ಸಿಡಿಯದಂತೆಯೂ ಎಚ್ಚರ ವಹಿಸತಕ್ಕದ್ದು.

ಕಲ್ಲಿನ ಮೇಲೆ ಹಬ್ಬುವ ಕೆಂಪು ಲೋಳೆಗೆ ಔಷಧಿಯ ಅಗತ್ಯ ವಿರಳ. ಅದನ್ನು ಕೊಳವೆಯಿಂದ ಹೀರಿ ತೆಗೆದು, ಮೀನಿನ ಆಹಾರವನ್ನು ಕಡಿಮೆ ಮಾಡಿದರೆ ಬಹುಮಟ್ಟಿಗೆ ಹತೋಟಿಗೆ ಬರುತ್ತದೆ.

ಈ ಪೀಡೆಗಳು ಬಹುತೇಕ ಕಲ್ಲಿನೊಡನೆಯೇ ಮನೆ ಸೇರುತ್ತವೆ. ಹವಳದ ದಿಬ್ಬದಿಂದ ಒಡೆದು ತಂದ ಕಲ್ಲನ್ನು ಕೊಳ್ಳುವುದು ಕಾನೂನಿಗೂ ವಿರುದ್ಧ. ದಿಬ್ಬ ಕಟ್ಟುವ ಹವಳಗಳು 2001ರಿಂದ ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ರ ಮೊದಲನೆಯ ಅನುಸೂಚಿಯಲ್ಲಿವೆ. ಸತ್ತ ಹವಳದ ತುಂಡಿಗೂ ಈ ರಕ್ಷಣೆ ಅನ್ವಯಿಸುತ್ತದೆ. ನಮ್ಮ ಮುರುಡೇಶ್ವರದ ಸಮೀಪದ ನೇತ್ರಾಣಿ ದ್ವೀಪದ ಸುತ್ತಲೂ ಇಂತಹ ಹವಳಗಳಿವೆ. ತೊಟ್ಟಿಗೆ ಕೃತಕ ಕಲ್ಲುಗಳೇ ಯೋಗ್ಯ.

ಮಿತ್ರರು ಕೊನೆಗೆ ಬೇಸತ್ತು, ಕಲ್ಲನ್ನು ಅಡುಗೆಮನೆಯಲ್ಲಿ ಕುದಿಸಲು ಹೊರಟಿದ್ದರು. ಹಾಗೆ ಎಂದೂ ಮಾಡಬಾರದು. ಇಂತಹ ಕಲ್ಲುಗಳಿಗೆ ಅಂಟಿರುವ ಕೆಲವು ಜೀವಿಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ಉಗ್ರವಿಷವಿರುತ್ತದೆ. ಕುದಿಯುವ ನೀರಿನ ಹಬೆಯೊಡನೆ ಅದು ಉಸಿರಿಗೆ ಸೇರಿ, ವಿದೇಶಗಳಲ್ಲಿ ಇಡೀ ಕುಟುಂಬಗಳೇ ಆಸ್ಪತ್ರೆ ಸೇರಿದ ಉದಾಹರಣೆಗಳಿವೆ. ಕಲ್ಲನ್ನು ಉಜ್ಜುವುದೂ ಬೇಡ. ಕೈಗವಸು ಧರಿಸಿ ಹೊರತೆಗೆದು, ಮಕ್ಕಳ ಕೈಗೆಟುಕದೆಡೆ ಮುಚ್ಚಿದ ಬಕೆಟ್ಟಿನಲ್ಲಿ ಇರಿಸುವುದು. ಮಿತ್ರರ ಕಲ್ಲು ಈಗ ಅಲ್ಲಿಯೇ ಇದೆ.