ಹತ್ತೋಕೆ ಮೋಟಾರ್, ಇಳಿಯೋಕೆ ಬ್ರೇಕ್

ಪುಣೆಯಲ್ಲಿ ಭಾನುವಾರ ಸಿಂಹಗಡ ಘಾಟ್ ಹತ್ತೋ ಗೆಳೆಯರಿಗೆ ಒಂದು ಮಾತು. ಎಲೆಕ್ಟ್ರಿಕ್ ಮೌಂಟನ್ ಬೈಕ್ ಸಾಮಾನ್ಯವಾಗಿ 20 ಕಿಲೋಗಿಂತ ಹೆಚ್ಚೇ ತೂಗುತ್ತೆ. ಇಳಿಜಾರಲ್ಲಿ ಆ ಭಾರವೆಲ್ಲ ಬ್ರೇಕ್ ಮೇಲೆ.

ಕಳೆದ ತಿಂಗಳು ನನ್ನ ಮುಂದಿನ ಬ್ರೇಕ್ ಲಿವರ್ ಮೆತ್ತಗಾಗಿ ಹ್ಯಾಂಡಲ್‌ಗೇ ತಾಗ್ತಿತ್ತು. ಒಳಗೆ ಗಾಳಿ ಸೇರಿತ್ತು. ಅಂಗಡಿಯವರು ಮೋಟಾರ್‌ಸೈಕಲ್ಲಿನ ಡಾಟ್ 4 ಆಯಿಲ್ ಹಾಕೋಕೆ ಹೊರಟರು. ಬೇಡ ಅಂದೆ. ನನ್ನದು ಮಿನರಲ್ ಆಯಿಲ್ ಬ್ರೇಕ್. ಡಾಟ್ ಹಾಕಿದ್ರೆ ರಬ್ಬರ್ ಸೀಲ್ ಹಾಳಾಗಿ, ಘಾಟ್ ಮಧ್ಯದಲ್ಲಿ ಕೈಕೊಡಬಹುದು. ಸರಿಯಾದ ಆಯಿಲ್ ತರಿಸಿ, ಗಾಳಿ ತೆಗೆಸಿದ ಮೇಲೇ ಬೈಕ್ ಹತ್ತಿದೆ.

ನೀವೂ ಹೊರಡೋ ಮುಂಚೆ ಎರಡೂ ಲಿವರ್ ಒತ್ತಿ ನೋಡಿ. ಮೆತ್ತಗಿದ್ರೆ ಅವತ್ತು ಘಾಟ್ ಬೇಡ. ಬ್ರೇಕ್ ಕೆಟ್ಟಿದ್ರೂ ಮೋಟಾರ್ ಮೇಲಕ್ಕೆ ಹತ್ತಿಸುತ್ತೆ. ಅಪಾಯ ಇರೋದೇ ಅಲ್ಲಿ.